ಹಿರಿಯ ಹಾಕಿದ ಪಾಲು

ಕಾರ್ಕಳದಿಂದ ಉಡುಪಿಗೆ ಹೋಗುವ ಬೆಳಗಿನ ಬಸ್ಸಿನಲ್ಲಿ ಕಿಟಕಿಯ ಬದಿಯ ಸೀಟು ಸಿಕ್ಕಿದ್ದೇ ಒಂದು ಒಳ್ಳೆಯ ಲಕ್ಷಣ ಎಂದು ಬೇರೆ ದಿನವಾದರೆ ಲೂಯಿಸ್ ಮಾಸ್ಟ್ರು ಅಂದುಕೊಳ್ಳುತ್ತಿದ್ದರು. ಇವತ್ತು ಅವರಿಗೆ ಸೀಟಿನ ಚಿಂತೆ ಇರಲಿಲ್ಲ, ಮುಖದ ಚಿಂತೆ ಇತ್ತು. ಹತ್ತು ವರ್ಷದಿಂದ ಮಾತು ಬಿಟ್ಟ ತಂಗಿ ಬೆನೆಡಿಕ್ಟಾಳ ಎದುರು ಇನ್ನು ಎರಡು ಗಂಟೆಯೊಳಗೆ ಹೋಗಿ ನಿಲ್ಲಬೇಕು. ಆಗ ಈ ಮುಖವನ್ನು ಹೇಗೆ ಇಟ್ಟುಕೊಳ್ಳುವುದು? ನಕ್ಕರೆ ಸೋತ ಹಾಗೆ. ಬಿಗಿದುಕೊಂಡರೆ, ಮುದುಕನಿಗೆ ಇನ್ನೂ ಬುದ್ಧಿ ಬಂದಿಲ್ಲ ಎಂದು ಅವಳು ಮನಸ್ಸಿನಲ್ಲೇ ಅಂದುಕೊಂಡಾಳು. ಎರಡರ ನಡುವಿನ ಒಂದು ಮುಖ ಬೇಕು. ಹಿರಿಯನಿಗೆ ತಕ್ಕದ್ದಾಗಿರಬೇಕು, ಕ್ಷಮಿಸಿದ ಹಾಗೆ ಕಾಣಬೇಕು, ಕ್ಷಮೆ ಕೇಳಿದ ಹಾಗೆ ಮಾತ್ರ ಕಾಣಬಾರದು. ಐವತ್ತನಾಲ್ಕು ವರ್ಷ ತನ್ನ ಪಾಡಿಗೆ ಇದ್ದ ಮುಖದಿಂದ ಒಂದೇ ಬೆಳಿಗ್ಗೆ ಇಷ್ಟೆಲ್ಲ ಕೆಲಸ ತೆಗೆಯುವುದೆಂದರೆ ಸುಲಭವೇ? ಬೈಲೂರು ದಾಟುವಾಗ ಅವರು ತುಟಿಯ ಒಂದು ಕೊನೆಯನ್ನು ಮಾತ್ರ ಸ್ವಲ್ಪ ಮೇಲಕ್ಕೆತ್ತಿ ನೋಡಿದರು. ಪಕ್ಕದ ಸಾಲಿನಲ್ಲಿ ಕಾಲು ಕಟ್ಟಿದ ಕೋಳಿಯನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದ ಹೆಂಗಸು ಅದು ತನ್ನ ಕೋಳಿಗೆ ಬಿದ್ದ ನಗು ಎಂದು ತಿಳಿದು, "ಇದು ಮಾರಲಿಕ್ಕೆ ಅಲ್ಲ ಮಾರಾಯ್ರೇ, ಮಗಳ ಬಾಣಂತನಕ್ಕೆ" ಎಂದಳು. ಮಾಸ್ಟ್ರು ಮುಖವನ್ನು ಕಿಟಕಿಯ ಹೊರಗೆ ತಿರುಗಿಸಿ ಹಿರಿಯಡ್ಕದವರೆಗೆ ಗುಡ್ಡಗಳನ್ನೇ ನೋಡಿಕೊಂಡು ಕೂತರು.

ಕೋಟಿನ ಒಳಜೇಬಿನಲ್ಲಿ ಪಾಲಿನ ನಕ್ಷೆ ಇತ್ತು. ಉಡುಪಿಯ ಅಂಬಲಪಾಡಿಯಲ್ಲಿ ಅವರ ಅಪ್ಪ ಕಟ್ಟಿಸಿದ ಬಾಡಿಗೆಮನೆ. ಅಪ್ಪ ಹಂಚಿನ ಕಾರ್ಖಾನೆಯಲ್ಲಿ ಮೇಸ್ತ್ರಿಯಾಗಿದ್ದವರು. ಗಂಡುಮಗನಿಗೆ ಮನೆ, ಹೆಣ್ಣುಮಗಳಿಗೆ ಬಂಗಾರ ಎಂಬ ಊರಿನ ಕ್ರಮವನ್ನು ಒಪ್ಪದೆ ಆ ಮನುಷ್ಯ ಅದನ್ನು ಇಬ್ಬರ ಹೆಸರಿಗೂ ಜಂಟಿಯಾಗಿ ಬರೆದಿಟ್ಟು ಕಣ್ಣು ಮುಚ್ಚಿದರು. ಮಕ್ಕಳು ಒಂದೇ ಹಗ್ಗದಲ್ಲಿ ಕಟ್ಟಿದ ಹಾಗೆ ಇರಲಿ ಎಂದು ಅವರ ಮನಸ್ಸಿನಲ್ಲಿತ್ತೋ ಏನೋ. ಹಗ್ಗವೇನೋ ಇತ್ತು, ಅದರ ಒಂದು ತುದಿ ಕಾರ್ಕಳದಲ್ಲಿ, ಇನ್ನೊಂದು ಕಾಪುವಿನಲ್ಲಿ ಮುಖ ತಿರುಗಿಸಿ ಕೂತಿತ್ತು. ನಡುವೆ ಇದ್ದವನು ಬಾಡಿಗೆದಾರ ಮುದ್ದಣ್ಣ. ಮನೆಯ ಎದುರು ಭಾಗದಲ್ಲಿ ಅವನ ಗೋಲಿಸೋಡಾದ ಯಂತ್ರ, ಹಿಂದಿನ ಭಾಗದಲ್ಲಿ ಅವನ ಸಂಸಾರ. ತಿಂಗಳು ತಿಂಗಳು ಅರ್ಧ ಬಾಡಿಗೆಯನ್ನು ಕಾರ್ಕಳಕ್ಕೆ, ಅರ್ಧವನ್ನು ಕಾಪುವಿಗೆ ಮನಿಯಾರ್ಡರ್ ಮಾಡುತ್ತಿದ್ದ. ಮನಿಯಾರ್ಡರಿನ ಫಾರಮಿನ ತುದಿಯಲ್ಲಿ ಕೂಪನ್ನು ಎಂದು ನಾಲ್ಕು ಬೆರಳಗಲದ ಒಂದು ಚೂರು ಇರುತ್ತದಲ್ಲ, ಹಣ ಕಳುಹಿಸಿದವರು ಎರಡು ಮಾತು ಬರೆಯಲಿಕ್ಕೆಂದು? ಅದನ್ನು ಮುದ್ದಣ್ಣ ಒಂದು ತಿಂಗಳೂ ಖಾಲಿ ಬಿಟ್ಟವನಲ್ಲ. ಬೆನೆಡಿಕ್ಟಾಳನ್ನು ಅವನು ಕರೆಯುವುದು ಬಾಯಮ್ಮ ಎಂದು. 'ಬಾಯಮ್ಮನಿಗೆ ಮೊಣಕಾಲು ನೋವು ಈಗ ಕಡಿಮೆ ಉಂಟು.' 'ಬಾಯಮ್ಮನ ಮಗಳು ಲೊರ್ನಾ ಪರೀಕ್ಷೆ ಪಾಸು, ನನಗೂ ಒಂದು ಲಾಡು ಸಿಕ್ಕಿತು.' 'ಬಾಯಮ್ಮ ಬಂದಿದ್ದರು. ನಿಮ್ಮ ಸುದ್ದಿ ಕೇಳಲಿಲ್ಲ, ಆದರೆ ನಾನು ಹೇಳುವಾಗ ಎದ್ದು ಹೋಗಲಿಲ್ಲ.' ಹಣ ಹೆಂಡತಿ ಝೀಟಾಳ ಕೈಗೆ, ಕೂಪನ್ನು ಮಾಸ್ಟ್ರ ಬಿಸ್ಕೀಟಿನ ಡಬ್ಬಿಗೆ. ಮನಿಯಾರ್ಡರ್ ಎರಡು ದಿನ ತಡವಾದರೆ ಮಾಸ್ಟ್ರು ಗೇಟಿಗೂ ಮನೆಗೂ ನಡೆಯುವುದನ್ನು ಕಂಡ ಪೋಸ್ಟುಮ್ಯಾನು, ಪಾಪ ಇವರಿಗೆ ಏನೋ ಕಷ್ಟ ಉಂಟು ಎಂದುಕೊಂಡಿದ್ದ.

ಎಲ್ಲ ಕೆಡಿಸಿದ್ದು ಕರೆಂಟು. ಅಂಬಲಪಾಡಿಗೆ ವಿದ್ಯುತ್ ಕಂಬ ಬಂದು, ಅಕ್ಕಪಕ್ಕದ ಮನೆಗಳಲ್ಲಿ ದೀಪ ಉರಿದು, ಮುದ್ದಣ್ಣನಿಗೂ ಆಸೆ ಹುಟ್ಟಿತು. ಅರ್ಜಿಗೆ ಧಣಿಗಳಿಬ್ಬರ ರುಜು ಬೇಕು. ಮೊದಲ ಗೆರೆಯಲ್ಲಿ ಅವಳೇ ಹಾಕಲಿ ಎಂದು ಮಾಸ್ಟ್ರು ಅರ್ಜಿಯನ್ನು ಹಾಗೆಯೇ ವಾಪಸು ಕಳುಹಿಸಿದರು. ಹಿರಿಯರು ಇರುವಾಗ ನಾನು ಮೊದಲು ಹಾಕುವುದು ಎಲ್ಲಿಯ ಕ್ರಮ ಎಂದು ಅವಳೂ ವಾಪಸು ಕಳುಹಿಸಿದಳು. ಇದು ಮರ್ಯಾದೆಯೋ ಚುಚ್ಚುಮಾತೋ ಎಂದು ಮಾಸ್ಟ್ರಿಗೆ ಗೊತ್ತಾಗಲಿಲ್ಲ, ತನ್ನದು ಯಾವುದು ಎಂದೂ ಗೊತ್ತಿರಲಿಲ್ಲ. ಎಂಟು ತಿಂಗಳು ಆ ಅರ್ಜಿ ಕಾರ್ಕಳ ಕಾಪು ತಿರುಗಿ ಎಣ್ಣೆ ಹಿಡಿದು ಮೆತ್ತಗಾಯಿತು. ಕಡೆಗೆ ಒಂದು ಕೂಪನ್ನಿನಲ್ಲಿ ಮುದ್ದಣ್ಣ ಸಣ್ಣ ಅಕ್ಷರದಲ್ಲಿ ಒತ್ತೊತ್ತಾಗಿ ಬರೆದ: 'ಒಂದೋ ಮನೆ ಪಾಲು ಮಾಡಿಕೊಳ್ಳಿ, ಇಲ್ಲದಿದ್ದರೆ ನಾನು ಬಿಡುತ್ತೇನೆ. ಪಾಲಾದರೆ ಸೋಡಾದ ಎದುರು ಪಾಲು ಮಾತ್ರ ನನಗೆ ಸಾಕು. ಹಿಂದಿನದು ಬೇಡ, ಹೆಂಡತಿ ಮಕ್ಕಳನ್ನು ಕಟಪಾಡಿಯ ಮಾವನ ಮನೆಗೆ ಕಳುಹಿಸುತ್ತೇನೆ.' ಕಾಪುವಿಗೂ ಇದೇ ಹೋಯಿತು. ಎರಡೂ ಕಡೆಯಿಂದ ಆಗಬಹುದು ಎಂಬ ಉತ್ತರ ಬಂದಾಗ ಮುದ್ದಣ್ಣನಿಗೇ ಗಾಬರಿಯಾಯಿತಂತೆ.

ಪಾಲಿಗೆ ಒಂದು ಹಳೆಯ ಕ್ರಮ ಉಂಟು: ಹಿರಿಯ ಪಾಲು ಹಾಕಬೇಕು, ಕಿರಿಯ ಆರಿಸಬೇಕು. ಆರಿಸುವ ಹಕ್ಕು ಇನ್ನೊಬ್ಬರದ್ದಾದರೆ ಹಾಕುವವನು ತಕ್ಕಡಿ ಹಿಡಿದವನಂತೆ ನೆಟ್ಟಗೆ ಇರುತ್ತಾನೆ ಎಂಬ ನಂಬಿಕೆ. ಲೂಯಿಸ್ ಮಾಸ್ಟ್ರು ಶಾಲೆಯ ಚೌಕುಳಿ ಕಾಗದದ ಮೇಲೆ ಮೂರು ರಾತ್ರಿ ಕೂತು ಹಾಕಿದ ಪಾಲು ನೆಟ್ಟಗಿರಲಿಲ್ಲ. ಅಳತೆಗೇನೋ ಒಂದು ಅಡಿಯ ವ್ಯತ್ಯಾಸ ಇಲ್ಲ, ಗಣಿತದ ಮಾಸ್ಟ್ರಲ್ಲವೇ. ಆದರೆ ಎದುರು ಪಾಲಿಗೆ ಮಾರ್ಗದ ಬದಿ, ಸೋಡಾದ ಜಗಲಿ, ಎರಡು ಒಳ್ಳೆಯ ಕೋಣೆ, ಆರು ತೆಂಗು, ಬೇಸಗೆಯಲ್ಲೂ ಬತ್ತದ ಬಾವಿ. ಹಿಂದಿನ ಪಾಲಿಗೆ ಹೊಗೆ ಹಿಡಿದ ಅಡುಗೆಕೋಣೆ, ಸೋರುವ ಉಗ್ರಾಣ, ದನವಿಲ್ಲದ ಹಟ್ಟಿ, ಒಬ್ಬರೇ ಓರೆಯಾಗಿ ನಡೆಯಬಹುದಾದ ಒಂದು ಓಣಿ. ನಕ್ಷೆಯನ್ನು ನೋಡಿದ ಝೀಟಾ ಮೀನು ಕೊಯ್ಯುವುದನ್ನು ನಿಲ್ಲಿಸಿ, "ಇದರಲ್ಲಿ ಹಿಂದಿನ ಪಾಲನ್ನು ತೆಗೆದುಕೊಳ್ಳುವ ಹುಚ್ಚರು ಯಾರು?" ಎಂದು ಕೇಳಿದಳು. ಮಾಸ್ಟ್ರು ಪೆನ್ಸಿಲಿನ ಮೊನೆ ನೋಡಿದರು. "ಗೊತ್ತಾಯಿತು, ಎದುರಲ್ಲೇ ಕೂತಿದ್ದಾರೆ" ಎಂದು ಅವಳು ಮತ್ತೆ ಮೀನಿಗೆ ಕೈ ಹಾಕಿದಳು. ಎದುರು ಪಾಲು ಬೆನೆಡಿಕ್ಟಾಳಿಗೆ ಹೋದರೆ ಮುದ್ದಣ್ಣ ಅವಳ ಬಾಡಿಗೆದಾರ, ಮನಿಯಾರ್ಡರು ಅವಳಿಗೆ ಮಾತ್ರ. ಕಾರ್ಕಳಕ್ಕೆ ಇನ್ನು ಕೂಪನ್ನು ಬರುವುದಿಲ್ಲ. ತಂಗಿಯ ಮೊಣಕಾಲು ನೋವು ಏರಿತೋ ಇಳಿಯಿತೋ ತಿಳಿಸುವವರು ಯಾರೂ ಇರುವುದಿಲ್ಲ. ಇದೆಲ್ಲ ಗೊತ್ತಿದ್ದೇ ಹಾಕಿದ ಪಾಲು ಅದು. ಯಾಕೆಂದು ಝೀಟಾಳಿಗೆ ಹೇಳಿದವರಲ್ಲ, ಕುಮ್ಸಾರಿಗೆ ಹೋದಾಗ ಪಾದ್ರಿಯ ಕಿವಿಯಲ್ಲೂ ಆ ಪಾಪವನ್ನು ಹೇಳದೆ ಬೇರೆ ಸಣ್ಣಪುಟ್ಟದ್ದನ್ನು ಹೇಳಿ ಎದ್ದು ಬಂದವರು.

ಹಿರಿಯಡ್ಕದಲ್ಲಿ ಬಸ್ಸು ನಿಂತಿತು. ಬುಟ್ಟಿಯಲ್ಲಿ ಪಪ್ಪಾಯಿ ಹೊತ್ತವಳೊಬ್ಬಳು ಕಿಟಕಿಯ ಕೆಳಗೇ ಬಂದು ನಿಂತಳು. ಛೆ, ಈ ಊರಿನಲ್ಲಿ ಬೇರೆ ಹಣ್ಣೇ ಇಲ್ಲವೇ? ಅವತ್ತು ಕೂಡ ಪಪ್ಪಾಯಿ, ಶಾಲೆಯ ಹಿತ್ತಲಿನದು, ಐವತ್ತೆರಡನೇ ಇಸವಿ, ಇನ್ಸ್‌ಪೆಕ್ಷನ್ನಿನ ದಿನ. ಇನ್ಸ್‌ಪೆಕ್ಟರು ಹಿಂದಿನ ಬೆಂಚಿನಲ್ಲಿ ಕೂತು ಕನ್ನಡಕ ಒರೆಸುತ್ತಿದ್ದರು. ಐದನೇ ತರಗತಿ, ಭಿನ್ನರಾಶಿಯ ಪಾಠ. ಹತ್ತೂಕಾಲಕ್ಕೆ ಬಾಗಿಲಲ್ಲಿ ತಂತಿಯವನು ಬಂದು ರುಜು ಹಾಕಿಸಿಕೊಂಡು ಹೋದ. 'ತಾಯಿಗೆ ಕಾಯಿಲೆ ಜೋರು, ಕೂಡಲೇ ಹೊರಡು.' ಮಾಸ್ಟ್ರು ಓದಿದರು, ಮಡಚಿದರು, ಕೋಟಿನ ಒಳಜೇಬಿಗೆ ಹಾಕಿದರು, ಚೂರಿ ತೆಗೆದುಕೊಂಡು ಪಪ್ಪಾಯಿಯನ್ನು ಎರಡು ಮಾಡಿದರು. ಒಂದು ಇಡೀ ಹಣ್ಣು, ಈಗ ಎರಡು ಅರ್ಧ. ಎರಡೂ ಸಮವೇ ಮಕ್ಕಳೇ? ಸಮ ಸಾರ್, ಎಂದು ಮಕ್ಕಳು ಕೂಗಿದರು. ಇನ್ಸ್‌ಪೆಕ್ಟರು ತಲೆದೂಗಿದರು. ಈಗ ಹೇಳುತ್ತೇನೆ, ಈ ಪಾಠ ಮುಗಿಯಲಿ. ಈಗ ಹೇಳುತ್ತೇನೆ, ಅವರ ಊಟ ಮುಗಿಯಲಿ. ಹೋದ ವರ್ಷ ಹೀಗೆಯೇ ನಡುವೆ ರಜೆ ಕೇಳಿದ ಇನ್ನೊಬ್ಬ ಮಾಸ್ಟ್ರಿಗೆ ದೂರದೂರಿಗೆ ವರ್ಗವಾಗಿತ್ತು. ನಾಲ್ಕು ಗಂಟೆಗೆ ಇನ್ಸ್‌ಪೆಕ್ಟರು ಪುಸ್ತಕದಲ್ಲಿ 'ಉತ್ತಮ' ಎಂದು ಬರೆದು ಹೊರಟ ಮೇಲೆ ಮಾಸ್ಟ್ರು ಬಸ್ಸಿಗೆ ಓಡಿದರು. ಕಾಪುವಿನ ತಂಗಿಯ ಮನೆಗೆ ಮುಟ್ಟುವಾಗ ತಾಯಿ, ಅವರ ಮಾಂಯ್, ತೀರಿಹೋಗಿ ಐದು ತಾಸಾಗಿತ್ತು. ಅಂಗಳ ತುಂಬ ಜನ. "ತಂತಿ ಸಿಕ್ಕಿದ್ದೇ ನಾಲ್ಕು ಗಂಟೆಗೆ" ಎಂದರು, ಯಾರೂ ಕೇಳುವ ಮೊದಲೇ. ಬೆನೆಡಿಕ್ಟಾ ಅವರನ್ನು ಮೇಲಿಂದ ಕೆಳಗೆ ನೋಡಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದಳು: "ನಿಧಾನಕ್ಕೇ ಬರಬಹುದಿತ್ತು. ಅಂಬಲಪಾಡಿಯ ಪಾಲು ಎಲ್ಲಿಗೂ ಓಡಿಹೋಗುತ್ತಿರಲಿಲ್ಲ." ಅಲ್ಲಿಗೆ ಮುಗಿಯಿತು. ಆ ಮಾತಿಗೆ ಸಿಟ್ಟು ಬಂದದ್ದು ಒಂದು ರೀತಿಯ ಉಪಕಾರವೇ ಆಯಿತು, ಸಿಟ್ಟು ಇರುವವರೆಗೆ ನಾಚಿಕೆಯನ್ನು ನೋಡಬೇಕಾಗಿರಲಿಲ್ಲ. ಪಪ್ಪಾಯಿ ಬೇಕೋ ಎಂದು ಬುಟ್ಟಿಯವಳು ಕೇಳಿದಳು. ಬೇಡ ಎಂದು ಮಾಸ್ಟ್ರು ಕೈಯಾಡಿಸಿದ ರಭಸಕ್ಕೆ ಪಕ್ಕದ ಕೋಳಿ ಬೆಚ್ಚಿಬಿದ್ದಿತು.

ಮಣಿಪಾಲದ ಗುಡ್ಡ ಬಂತು. ಮೊದಲು ಇಲ್ಲಿ ಬೋಳು ಕಲ್ಲು, ದನಗಳು ಮಾತ್ರ ಕಾಣುತ್ತಿದ್ದವು, ಈಗ ಬಿಳಿ ಕೋಟಿನ ಹುಡುಗರು ಪುಸ್ತಕ ಹಿಡಿದು ನಡೆಯುತ್ತಿದ್ದರು. ಈ ಗುಡ್ಡವೇ ಹತ್ತು ವರ್ಷದಲ್ಲಿ ಇಷ್ಟು ಬದಲಾಗುತ್ತದಾದರೆ ತನ್ನ ಮುಖ ಒಂದು ಘಳಿಗೆ ಬದಲಾಗಬಾರದೇ ಎಂದುಕೊಂಡರು. ಇನ್ನೊಂದು ಯೋಚನೆ ಬೇಡವೆಂದರೂ ಬಂತು: ಬೆಸಾಂವ್. ಸಂಜೆಯ ತೇರ್ಸ್ ಪ್ರಾರ್ಥನೆ ಮುಗಿದ ಮೇಲೆ ಮನೆಯ ಕಿರಿಯರು ಹಿರಿಯರ ಎದುರು ಕೈ ಜೋಡಿಸಿ ಬೆಸಾಂವ್ ಕೇಳುವುದು, ಹಿರಿಯರು ಆಶೀರ್ವಾದ ಮಾಡುವುದು ಅವರಲ್ಲಿ ಊಟದಷ್ಟೇ ದಿನನಿತ್ಯದ್ದು. ಬಹಳ ದಿನಗಳ ಮೇಲೆ ಕಂಡರಂತೂ ಕೇಳಲೇಬೇಕು. ಬೆನೆಡಿಕ್ಟಾ ಚಿಕ್ಕವಳಿದ್ದಾಗ ಜಗಳವಾಡಿದ ದಿನ ಕೈ ಜೋಡಿಸಿ, ನಾಲಿಗೆಯನ್ನೂ ಸ್ವಲ್ಪ ಹೊರಗೆ ಹಾಕಿ ಬೆಸಾಂವ್ ಕೇಳುತ್ತಿದ್ದಳು. ಇವತ್ತು ಕೇಳುತ್ತಾಳೆಯೇ? ಕೇಳಲಿಕ್ಕಿಲ್ಲ. ಕೇಳದಿದ್ದರೆ ತಾನು ಗಮನಿಸದ ಹಾಗೆ ಇರಬೇಕು, ಅದಕ್ಕೂ ಒಂದು ಮುಖ ಬೇಕು.

ಅಂಬಲಪಾಡಿಯ ಜಗಲಿಯಲ್ಲಿ ದಸ್ತಾವೇಜು ಬರೆಯುವ ಅಣ್ಣು ರಾಯರು ಸೋಡಾದ ಪೆಟ್ಟಿಗೆಯನ್ನೇ ಮೇಜು ಮಾಡಿಕೊಂಡು, ಸ್ಟಾಂಪು ಕಾಗದ ಹರಡಿ, ಶಾಯಿ ಕುಡಿಕೆಯ ಮುಚ್ಚಳ ತೆಗೆದು ಕೂತಿದ್ದರು. ಮುದ್ದಣ್ಣ ಹೊಸ ಅಂಗಿ ಹಾಕಿದ್ದ. "ಬನ್ನಿ ಮಾಸ್ಟ್ರೇ, ಬಾಯಮ್ಮ ಆಗಲೇ ಬಂದಿದ್ದಾರೆ, ಬದಿಯಲ್ಲಿ ಬಾವಿ ನೋಡ್ತಾ ಇದ್ದಾರೆ" ಎಂದು ಹೇಳುವಷ್ಟರಲ್ಲಿ ಅವಳೇ ಬಂದಳು. ಎಷ್ಟು ದಪ್ಪವಾಗಿದ್ದಾಳೆ. ತಲೆಯ ಮುಂಭಾಗವೆಲ್ಲ ಬೆಳ್ಳಗೆ. ನಡೆಯುವಾಗ ಎಡಗಾಲು ಸ್ವಲ್ಪ ಎಳೆಯುತ್ತಾಳೆ, ಕೂಪನ್ನಿನಲ್ಲಿ ಇದು ಇರಲಿಲ್ಲ. ಬಸ್ಸಿನಲ್ಲಿ ಸಿದ್ಧ ಮಾಡಿಟ್ಟ ಮುಖ ಆ ಎಳೆಯುವ ಕಾಲಿನಲ್ಲಿ ಎಲ್ಲಿ ಬಿದ್ದುಹೋಯಿತೋ ಮಾಸ್ಟ್ರಿಗೆ ತಿಳಿಯಲಿಲ್ಲ. ಅವಳು ಬೆಸಾಂವ್ ಕೇಳಲಿಲ್ಲ. ಮುದ್ದಣ್ಣ ಇಟ್ಟ ಮಣೆಯ ಮೇಲೆ ಕೂತು, ಅಣ್ಣು ರಾಯರ ಕಡೆಗೆ ತಿರುಗಿ, "ಪಾಲು ಹಾಕಿ ತಂದಿದ್ದಾರೆಯೇ ಕೇಳಿ" ಎಂದಳು.

"ತಂದಿದ್ದೇನೆ ಅಂತ ಹೇಳಿ" ಎಂದು ಮಾಸ್ಟ್ರು ಮುದ್ದಣ್ಣನ ಕಡೆಗೆ ತಿರುಗಿ ಹೇಳಿದರು.

ಇಬ್ಬರು ಇಬ್ಬರೊಡನೆ ಮಾತಾಡುವ ಈ ಏರ್ಪಾಡು ಸ್ವಲ್ಪ ಹೊತ್ತು ಸಲೀಸಾಗಿಯೇ ನಡೆಯಿತು. ಅಣ್ಣು ರಾಯರು ನಕ್ಷೆ ಬಿಡಿಸಿ ಗಟ್ಟಿಯಾಗಿ ಓದಿದರು. ಅವರು ಎದುರು ಪಾಲನ್ನು ಓದುವಾಗ ಬೆನೆಡಿಕ್ಟಾ ನೆಲ ನೋಡುತ್ತಿದ್ದಳು, ಹಿಂದಿನದನ್ನು ಓದುವಾಗ ತಲೆಯೆತ್ತಿ ಅಣ್ಣನನ್ನು ಒಮ್ಮೆ ನೋಡಿದಳು. ರಾಯರು ನಲವತ್ತು ವರ್ಷದಿಂದ ಪಾಲುಪಟ್ಟಿ ಬರೆದವರು. ಓದಿ ಮುಗಿಸಿ ಕನ್ನಡಕದ ಮೇಲಿಂದ ಮಾಸ್ಟ್ರನ್ನು ನೋಡಿದ ಆ ನೋಟದಲ್ಲಿ, ಇಷ್ಟು ದಡ್ಡ ಹಿರಿಯನನ್ನು ತಾನು ಈವರೆಗೆ ಕಂಡಿಲ್ಲ ಎಂಬುದು ಸ್ಪಷ್ಟವಾಗಿ ಇತ್ತು. ಎದುರು ಪಾಲಿನ ಕೆಳಗೆ ಬೆನೆಡಿಕ್ಟಾಳ ಹೆಸರನ್ನು ಬರೆಯಲಿಕ್ಕೆ ಅವರು ಆಗಲೇ ಲೇಖನಿಯನ್ನು ಶಾಯಿಯಲ್ಲಿ ಅದ್ದಿದ್ದರು. "ಹೇಳಿ ಬಾಯಮ್ಮ, ಎದುರು ಪಾಲು ಅಲ್ಲವೇ?"

"ಹಿಂದಿನದು" ಎಂದಳು ಬೆನೆಡಿಕ್ಟಾ.

ಮುದ್ದಣ್ಣ ತೊಳೆಯುತ್ತಿದ್ದ ಬಾಟಲಿಯೊಳಗೆ ಗೋಲಿ ಉರುಳುವುದು ಮಾತ್ರ ಕೇಳಿಸಿತು. ಮಾಸ್ಟ್ರಿಗೆ ಮೊದಲು ಬಂದದ್ದು ಅವಮಾನ. ಮೂರು ರಾತ್ರಿ ಕೂತು, ತನ್ನ ಕೂಪನ್ನುಗಳನ್ನು ಕೂಡ ಬಿಟ್ಟುಕೊಟ್ಟು ಮಾಡಿದ್ದನ್ನು ಇವಳು ಕಾಲಲ್ಲಿ ಒದ್ದಳಲ್ಲ. ಹಿಂದೆಯೂ ಹೀಗೇ, ಮದುವೆಯ ದಿನ ಇವಳಿಗೆಂದು ಮಂಗಳೂರಿನಿಂದ ತಂದ ಕೊಡೆಯನ್ನು, ಬಣ್ಣ ಚೆನ್ನಾಗಿಲ್ಲ ಎಂದು ಬಿಟ್ಟುಹೋಗಿದ್ದಳು. ಆ ಕೊಡೆಯ ಸಿಟ್ಟೂ ಈಗ ಸೇರಿಕೊಂಡು ಅವರು ಅಣ್ಣು ರಾಯರನ್ನೂ ಮುದ್ದಣ್ಣನನ್ನೂ ಮರೆತು ನೇರ ಅವಳಿಗೇ ಹೇಳಿದರು. "ನಿನಗೆ ಎಂತ ಹುಚ್ಚೋ ಬೆನ್ನಿ? ಹಿಂದಿನ ಪಾಲಿನಲ್ಲಿ ಎಂತ ಉಂಟು?"

"ಎಂತ ಉಂಟು ಅಂತ ಹಾಕಿದವನಿಗೆ ಗೊತ್ತಿಲ್ಲವಾ? ಹಾಕುವವ ನೀನು, ಆರಿಸುವವಳು ನಾನು. ಆರಿಸಿದೆ. ಮುಗಿಯಿತು."

"ಬಾವಿ ಇಲ್ಲ, ಮಾರ್ಗ ಇಲ್ಲ. ಉಗ್ರಾಣ ಸೋರುತ್ತದೆ."

"ಸೋರಲಿ. ಹಂಚು ಹಾಕಿಸುತ್ತೇನೆ. ಮೇಸ್ತ್ರಿಯ ಮಗಳು ನಾನು."

"ಮುದ್ದಣ್ಣ ಹಿಂದಿನ ಪಾಲಿನಲ್ಲಿ ಇರುವುದಿಲ್ಲ. ನಿನಗೆ ಬಾಡಿಗೆ ಬರುವುದಿಲ್ಲ."

"ನಾನು ಬಾಡಿಗೆ ಕೇಳಿದೆನಾ ನಿನ್ನಲ್ಲಿ? ಎದುರು ಪಾಲು ನನಗೆ ಬೇಡ. ನೀನು ನನಗೆ ಧರ್ಮಕ್ಕೆ ಕೊಡುವುದು ಬೇಡ."

ಮುದ್ದಣ್ಣ ಬಾಟಲಿ ಕೆಳಗಿಟ್ಟ. ಅಣ್ಣು ರಾಯರು ಲೇಖನಿಯನ್ನು ಕಿವಿಯ ಮೇಲೆ ಸಿಕ್ಕಿಸಿ ಗೋಡೆಗೆ ಒರಗಿದರು. ಒಳ್ಳೆಯ ಪಾಲಿಗಾಗಿ ಹೊಡೆದಾಡಿದವರನ್ನು ಅವರು ಬೇಕಾದಷ್ಟು ನೋಡಿದ್ದರು, ಕೆಟ್ಟ ಪಾಲು ತನಗೇ ಬೇಕು ಎಂದು ಇಬ್ಬರು ಕೂಗಾಡುವುದನ್ನು ನೋಡಿದ್ದು ಇವತ್ತೇ. ಮಾರ್ಗದಲ್ಲಿ ಹೋಗುತ್ತಿದ್ದ ಇಬ್ಬರು ನಿಂತರು. ಹತ್ತು ವರ್ಷ ಮಾತಿಲ್ಲದೆ ಇದ್ದ ಬಾಯಿಗಳು ಒಮ್ಮೆ ತೆರೆದುಕೊಂಡ ಮೇಲೆ ಎಲ್ಲಿ ನಿಲ್ಲಬೇಕು ಎಂದು ಅವಕ್ಕೆ ಗೊತ್ತಾಗುವುದಿಲ್ಲ, ಕೊಡೆಯೂ ಬಂತು, ಕರೆಂಟಿನ ಅರ್ಜಿಯೂ ಬಂತು. ಧರ್ಮಕ್ಕೆ ಎಂದಳಲ್ಲ, ಆ ಮಾತು ಮಾಸ್ಟ್ರ ಎದೆಗೆ ಸರಿಯಾಗಿ ತಾಗಿತು. "ಧರ್ಮವೂ ಅಲ್ಲ ಗಿರ್ಮವೂ ಅಲ್ಲ" ಎಂದರು. "ನಾನು ಕೊಡಬೇಕಾದ್ದು ಅದು. ತಂತಿ ನನಗೆ ನಾಲ್ಕು ಗಂಟೆಗೆ ಸಿಕ್ಕಿದ್ದಲ್ಲ ಬೆನ್ನಿ. ಬೆಳಿಗ್ಗೆಯೇ ಸಿಕ್ಕಿತ್ತು."

"ಹತ್ತೂಕಾಲಕ್ಕೆ" ಎಂದಳು ಬೆನೆಡಿಕ್ಟಾ.

ಮಾಸ್ಟ್ರು ಅವಳನ್ನೇ ನೋಡಿದರು.

"ತಂತಿ ಕೊಟ್ಟದ್ದು ಡೊಮಿನಿಕ್ ಅಲ್ಲವಾ. ಮುಟ್ಟಿತೋ ಇಲ್ಲವೋ ಅಂತ ಹನ್ನೊಂದು ಗಂಟೆಗೆ ಕಾರ್ಕಳಕ್ಕೆ ತಂತಿಯಲ್ಲೇ ಕೇಳಿಸಿದರು. ನಿನ್ನ ರುಜು ಕೂಡ ಉಂಟು ಅಂತ ಹೇಳಿದರು ಅಲ್ಲಿಂದ."

ಬಾವ ಡೊಮಿನಿಕ್ ಕಾಪುವಿನ ಪೋಸ್ಟಾಫೀಸಿನಲ್ಲಿ ಗುಮಾಸ್ತ ಎಂಬುದು ಮಾಸ್ಟ್ರಿಗೆ ಗೊತ್ತಿಲ್ಲದ ಸಂಗತಿಯಲ್ಲ. ಆದರೆ ಹತ್ತು ವರ್ಷದಲ್ಲಿ ಒಂದು ದಿನವೂ ಅದನ್ನೂ ಇದನ್ನೂ ಸೇರಿಸಿ ನೋಡಿರಲಿಲ್ಲ, ಹೆಸರಿಗೆ ಗಣಿತದ ಮಾಸ್ಟ್ರು. ಹೆಂಡತಿಗೆ ಹೇಳದೆ, ಪಾದ್ರಿಗೆ ಹೇಳದೆ, ಎದೆಯೊಳಗೆ ಬೀಗ ಹಾಕಿಟ್ಟ ಗುಟ್ಟು ಮೊದಲ ದಿನದಿಂದಲೇ ಪೋಸ್ಟಾಫೀಸಿನ ಎರಡು ಕಡೆಗೂ ಗೊತ್ತಿತ್ತು. ಅವರಿಗೆ ನಾಚಿಕೆಯಾಯಿತು, ಅದರ ಹಿಂದೆಯೇ, ಹೇಳಲಿಕ್ಕೆ ಸಂಕೋಚ, ನಗು ಬಂತು. ನಗಬಾರದು ಎಂದು ಎದ್ದು ಬದಿಗೆ, ಬಾವಿಯ ಕಡೆಗೆ ನಡೆದರು. ಬೆನೆಡಿಕ್ಟಾ ಕಾಲೆಳೆಯುತ್ತಾ ಹಿಂದೆಯೇ ಬಂದು ಬಾವಿಯ ಕಟ್ಟೆಯ ಮೇಲೆ ಕೂತಳು. ನೀರಿನಲ್ಲಿ ಇಬ್ಬರ ತಲೆಗಳೂ ಕಂಡವು, ಎರಡೂ ಅಪ್ಪನ ತಲೆಯೇ, ಅದೇ ಅಗಲ ಹಣೆ.

"ಗೊತ್ತಿದ್ದೇ ಆ ಮಾತು ಹೇಳಿದೆಯಾ?"

"ಗೊತ್ತಿದ್ದೇ. ಸಿಟ್ಟು ಬಂದಿತ್ತು. ಅದು ದೊಡ್ಡದಲ್ಲ ಬಾಬ್, ಸಿಟ್ಟಿನಲ್ಲಿ ಯಾರಾದರೂ ಹೇಳುತ್ತಾರೆ." ಬೆನೆಡಿಕ್ಟಾ ರಾಟೆಯ ಹಗ್ಗವನ್ನು ಬೆರಳಿಗೆ ಸುತ್ತಿಕೊಂಡಳು, ಬಿಡಿಸಿದಳು. "ದೊಡ್ಡದು ಬೇರೆ ಉಂಟು. ಅವತ್ತು ಬೆಳಿಗ್ಗೆ ನಾನು ತಂತಿ ಕೊಡಿಸುತ್ತೇನೆ ಅನ್ನುವಾಗ ಮಾಂಯ್ ಬೇಡ ಅಂದಳು. ಕೈ ಹಿಡಿದು ಹೇಳಿದಳು. ಲೂಯಿಸನಿಗೆ ಇವತ್ತು ಇನ್ಸ್‌ಪೆಕ್ಷನ್, ಕಾಗದ ಬರೆದಿದ್ದಾನೆ. ಅವ ಮೊದಲೇ ಹೆದರುವವ, ಈಗ ಕರೆದರೆ ಅಲ್ಲಿಯೂ ಇರಲಾರ, ಇಲ್ಲಿಗೂ ಬರಲಾರ. ಮುಗಿಸಿಯೇ ಬರಲಿ ಅಂತ. ನಾನು ಕೇಳದೆ ಕೊಡಿಸಿದೆ. ನೀನು ಬರಲಿಲ್ಲ, ಮಾಂಯ್ ಹೇಳಿದ ಹಾಗೆಯೇ ಆಯಿತು. ಈ ಮಾತನ್ನು ನಿನಗೆ ಹೇಳಿದ್ದರೆ ನಿನಗೆ ಸಮಾಧಾನ ಆಗುತ್ತಿತ್ತು. ಆಗುವುದು ಬೇಡ ಅಂತಲೇ ನಾನು ಹೇಳಲಿಲ್ಲ. ಅವಳು ನಿನಗೆ ಬಿಟ್ಟುಹೋದದ್ದು ಅದೊಂದೇ ಮಾತು, ಅದನ್ನು ನಾನು ಹತ್ತು ವರ್ಷ ಇಟ್ಟುಕೊಂಡೆ. ಈಗ ನೀನು ಎದುರು ಪಾಲು ಕೊಟ್ಟರೆ ನಾನು ಯಾವ ಮುಖದಲ್ಲಿ ತೆಗೆದುಕೊಳ್ಳುವುದು?"

ಮುಖದ ಕಷ್ಟ ಅವಳಿಗೂ ಇತ್ತು ಎಂದರೆ, ಕಾಪುವಿನಿಂದ ಬರುವ ಬಸ್ಸಿನಲ್ಲಿ ಅವಳೂ ಕಿಟಕಿಯ ಬದಿ ಕೂತು ತುಟಿ ತಿರುಗಿಸಿ ನೋಡಿದ್ದಳೇ? ತಾಯಿಯ ಮೇಲೆ ಪ್ರೀತಿ ಉಕ್ಕಿ ಬಂತು, ಹೆದರುವವ ಎಂದಳಲ್ಲ ಎಂದು ಸ್ವಲ್ಪ ಕೋಪವೂ ಬಂತು, ತಂಗಿಯ ಮೇಲೆ ಬರಬೇಕಾದ ಸಿಟ್ಟು ಎಷ್ಟು ಹುಡುಕಿದರೂ ಸಿಗಲಿಲ್ಲ. ಹತ್ತು ವರ್ಷ ಕಾಲಿಗೆ ಚುಚ್ಚುತ್ತಿದ್ದ ಮುಳ್ಳನ್ನು ಯಾರೋ ತೆಗೆದ ಮೇಲೆ ಕಾಲು ಊರಲಿಕ್ಕೆ ಹೆದರುವ ಹಾಗೆ ಅವರು ಕಟ್ಟೆಯ ಮೇಲೆ ಮೆಲ್ಲಗೆ ಕೂತರು. ಕಣ್ಣು ಒದ್ದೆಯಾಯಿತು. ಕಣ್ಣೀರು ಬಾವಿಗೆ ಬಿದ್ದರೆ ಮುದ್ದಣ್ಣನ ಸೋಡಾ ಉಪ್ಪಾದೀತು ಎಂಬ ಒಂದು ತಮಾಷೆ ಹೊಳೆಯಿತು, ಅದನ್ನು ತಂಗಿಗೆ ಹೇಳಿಯೂಬಿಟ್ಟರು. ಅವಳು ಸೆರಗಿನಿಂದ ಮೂಗು ಒರೆಸಿಕೊಂಡು, "ನಿನ್ನ ತಮಾಷೆ ಈಗಲೂ ಹಾಗೇ ಉಂಟು, ಸಪ್ಪೆ" ಎಂದಳು.

ಆ ಹೊತ್ತಿಗೆ ಮುದ್ದಣ್ಣ ಅರ್ಜಿ ಹಿಡಿದು ಬಂದ, ಎಂಟು ತಿಂಗಳು ತಿರುಗಿದ ಅದೇ ಕರೆಂಟಿನ ಅರ್ಜಿ. ಬಿಸಿಯಿರುವಾಗಲೇ ಕೆಲಸ ಮಾಡಿಸಿಕೊಳ್ಳಬೇಕು ಎಂಬುದು ಅವನಿಗೆ ಗೊತ್ತಿಲ್ಲದ್ದೇನಲ್ಲ. ಮೊದಲ ಗೆರೆಯಲ್ಲಿ ಯಾರು ಎಂದು ಮತ್ತೆ ಸ್ವಲ್ಪ ಎಳೆದಾಟವಾಗಿ ಮಾಸ್ಟ್ರು ಹಾಕಿದರು, ಅವರ ಕೆಳಗೆ ಬೆನೆಡಿಕ್ಟಾ ಹಾಕಿದಳು. ಶಾಯಿ ಆರುವವರೆಗೆ ಕಾಯದೆ ಮುದ್ದಣ್ಣ ಕಾಗದವನ್ನು ಊದುತ್ತಾ, ತಡೆಯಲಾರದೆ ಕೇಳಿದ. "ಹಾಗಾದರೆ ಇನ್ನು ಪಾಲು ಬೇಕಾ ಬಾಯಮ್ಮ? ಮೊದಲಿನ ಹಾಗೇ ಇರಬಹುದಲ್ಲ, ಕೂಪನ್ನೂ ಇಬ್ಬರಿಗೂ ಬರೆಯುತ್ತೇನೆ."

ಮಾಸ್ಟ್ರ ಮನಸ್ಸು ಹೌದೆಂದು ಎದ್ದು ನಿಂತಿತು. ಆದರೆ ಬೆನೆಡಿಕ್ಟಾ ತಲೆಯಾಡಿಸಿದಳು.

"ಬೇಕು. ಹಿಂದಿನ ಅಡುಗೆಕೋಣೆ ನನಗೆ ಬೇಕು, ನನ್ನದೇ ಅಂತ. ಜಂಟಿ ಮನೆಗೆ ಅಣ್ಣನನ್ನು ಊಟಕ್ಕೆ ಕರೆಯುವುದು ಹೇಗೆ? ಅವನ ಮನೆಗೆ ಅವನನ್ನೇ ಕರೆದ ಹಾಗೆ ಆಗುತ್ತದೆ. ತಿಂಗಳಿಗೆ ಒಮ್ಮೆ ನಾನು ಕಾಪುವಿನಿಂದ ಮೀನು ತರುತ್ತೇನೆ. ಇವನೂ ಝೀಟಾ ವೈನಿಯೂ ಬರಲಿ. ಇನ್ನು ಕೂಪನ್ನು ಗೀಪನ್ನು ಎಂತದಕ್ಕೆ?" ಸ್ವಲ್ಪ ತಡೆದು, "ಬಾವಿ ಮಾತ್ರ ಜಂಟಿ ಇರಲಿ. ರಾಯರೇ, ಹಾಗೆ ಬರೆಯಲಿಕ್ಕೆ ಆಗುತ್ತದಾ?" ಎಂದು ಜಗಲಿಯ ಕಡೆಗೆ ಕೂಗಿ ಕೇಳಿದಳು.

"ಬಾವಿಯನ್ನು ಜಂಟಿ ಇಡುವುದು ಕ್ರಮವೇ" ಎಂದರು ಅಣ್ಣು ರಾಯರು ಅಲ್ಲಿಂದಲೇ. ಬಹಳ ಹೊತ್ತಿನ ಮೇಲೆ ಅವರಿಗೆ ಅರ್ಥವಾಗುವ ಮಾತೊಂದು ಬಂದಿತ್ತು, ಕಿವಿಯಿಂದ ಲೇಖನಿ ತೆಗೆದು ಬರೆಯಲಿಕ್ಕೆ ಶುರುಮಾಡಿದರು. ಕೊಡಬೇಕು ಎಂದು ಬಂದ ಎದುರು ಪಾಲು ಕಡೆಗೆ ಲೂಯಿಸ್ ಮಾಸ್ಟ್ರ ತಲೆಗೇ ಬಂತು. ತೆಗೆದುಕೊಳ್ಳುವುದಕ್ಕೆ ಅವರು ಸಿದ್ಧವಾಗಿ ಬಂದಿರಲಿಲ್ಲ, ಆ ಕಾಗದದಲ್ಲಿ ರುಜು ಹಾಕುವಾಗ ಹೆಸರಿನ ಕೊನೆಯ ಅಕ್ಷರ ಗೆರೆಯ ಹೊರಗೆ ಹೋಯಿತು. ರಿಜಿಸ್ಟ್ರಿ ಕಚೇರಿಯಲ್ಲಿ ಹೆಬ್ಬೆಟ್ಟಿಗೆ ಶಾಯಿ ಹಚ್ಚುವಾಗ ಇಬ್ಬರೂ ಒಬ್ಬರ ಬೆರಳು ಒಬ್ಬರು ನೋಡಿ ನಕ್ಕರು, ಗುಮಾಸ್ತ ಸುಮ್ಮನಿರಿ ಎಂದು ಗದರಿಸಿದ.

ಉಡುಪಿಯ ಬಸ್‌ಸ್ಟ್ಯಾಂಡಿನಲ್ಲಿ ಕಾಪುವಿನ ಬಸ್ಸು ಹೊರಡಲಿಕ್ಕೆ ನಿಂತಿತ್ತು. ಮಾಸ್ಟ್ರ ಒಂದು ಕೈಯಲ್ಲಿ ಮುದ್ದಣ್ಣ ಬಲವಂತದಿಂದ ಕೊಟ್ಟ ಎರಡು ಸೋಡಾ ಬಾಟಲಿ, ಇನ್ನೊಂದರಲ್ಲಿ ತಂಗಿ ಝೀಟಾಳಿಗೆಂದು ಕೊಟ್ಟ ಒಣಮೀನಿನ ಕಟ್ಟು. ಮೆಟ್ಟಿಲು ಹತ್ತುವ ಮೊದಲು ಬೆನೆಡಿಕ್ಟಾ ತಿರುಗಿ ನಿಂತು, ಅಷ್ಟು ಜನರ ನಡುವೆ, ಕೈ ಜೋಡಿಸಿ ತಲೆ ಬಗ್ಗಿಸಿದಳು. "ಬೆಸಾಂವ್ ದೀ, ಬಾಬ್." ತಲೆಯ ಮೇಲೆ ಇಡಲಿಕ್ಕೆ ಒಂದು ಕೈಯೂ ಖಾಲಿ ಇರಲಿಲ್ಲ. ಮಾಸ್ಟ್ರು ಬಾಟಲಿ ಹಿಡಿದ ಕೈಯನ್ನೇ ಅವಳ ತಲೆಯ ಮೇಲೆ ಎತ್ತಿ, "ದೇವರು ಒಳ್ಳೆಯದು ಮಾಡಲಿ" ಎಂದರು. ಕಂಡಕ್ಟರು ಬೇಗ ಬೇಗ ಎಂದ. ಅವಳು ನೋಯುವ ಕಾಲನ್ನು ಮೊದಲು ಇಟ್ಟು ಮೆಟ್ಟಿಲು ಹತ್ತಿದಳು, ಬಾಗಿಲ ಸರಳು ಹಿಡಿದು ನಿಂತಳು, ಏನೋ ನೆನಪಾದವಳಂತೆ ಬಗ್ಗಿದಳು.

"ಒಂದು ಕೇಳಲಿಕ್ಕೆ ಬಿಟ್ಟೇಹೋಯಿತು. ಅವತ್ತು ಇನ್ಸ್‌ಪೆಕ್ಷನ್ ಹೇಗಾಯಿತು? ಅವ ಬಂದ ಕೂಡಲೇ ಕೇಳಬೇಕು ಅಂತ ಮಾಂಯ್ ಹೇಳಿದ್ದಳು."

ಹತ್ತು ವರ್ಷದಲ್ಲಿ ಯಾರೂ ಅದನ್ನು ಕೇಳಿರಲಿಲ್ಲ.

"ಒಳ್ಳೆಯದಾಯಿತು" ಎಂದರು. "ಒಂದು ಪಪ್ಪಾಯಿ ಕೊಯ್ದು ಭಿನ್ನರಾಶಿ ಹೇಳಿಕೊಟ್ಟೆ. 'ಉತ್ತಮ' ಅಂತ ಬರೆದರು."

ಕಂಡಕ್ಟರು ಸೀಟಿ ಊದಿದ. ಬೆನೆಡಿಕ್ಟಾ ಸರಳನ್ನು ಬಿಟ್ಟು, ನೋಯುವ ಕಾಲನ್ನೇ ಮೊದಲು ಇಟ್ಟು ಮತ್ತೆ ಕೆಳಗಿಳಿದಳು.

"ಪೂರ್ತಿ ಹೇಳು" ಎಂದಳು. "ಇನ್ನೊಂದು ಬಸ್ಸು ಉಂಟು."